ಮಾವಿನ ಗಿಡದ ವಕೀಲರು

ಎಲ್ಲಿಯಾದರೂ ಕಟ್ಟಿಗೆ ಒಡೆಯುವ ಸದ್ದು ಕೇಳಿಸಿದರೆ ನನ್ನ ಬಲಗೈ ತಾನಾಗಿಯೇ ಬಲಗಿವಿಗೆ ಹೋಗುತ್ತದೆ. ಕಿವಿ ಇದ್ದಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಕೆಳಗಿಳಿಯುತ್ತದೆ. ನಾನು ಪಾಠ ಮಾಡುವ ಶಾಲೆಯ ಹಿಂದೆ ಕಟ್ಟಿಗೆ ಅಡ್ಡೆ ಇದೆ. ಹಾಗಾಗಿ ಬಿ.ಎ. ಪಾಸಾದವರೆಲ್ಲ ಮಾತಿನ ನಡುವೆ ಹೀಗೆ ಕಿವಿ ಮುಟ್ಟಿಕೊಳ್ಳುತ್ತಾರೆಂದು ನನ್ನ ವಿದ್ಯಾರ್ಥಿಗಳು ತಿಳಿದಿದ್ದಾರೆ. ಈ ಅಭ್ಯಾಸವನ್ನು ನನಗೆ ಅಂಟಿಸಿದ ಮಹನೀಯರು ಹೋದ ದೀಪಾವಳಿಯ ಮುಂಚೆ ತೀರಿಕೊಂಡರು. ಅವರ ಬಗ್ಗೆ ಬರೆಯಬೇಕೆಂದು ಅಂದಿನಿಂದಲೂ ಅಂದುಕೊಳ್ಳುತ್ತಿದ್ದೇನೆ. ಕೂತಾಗಲೆಲ್ಲ ಮೊದಲು ಕಿವಿಯ ಪಕ್ಕದಲ್ಲಿ ಗಾಳಿ ಸೀಳಿದ ಸದ್ದು ಕೇಳುತ್ತದೆ, ಬರೆಯುವುದು ಮುಂದಕ್ಕೆ ಹೋಗುತ್ತದೆ.

ಊರಿನವರು ಅವರನ್ನು ಪೇಶಕಾರರು ಎಂದೇ ಕರೆಯುತ್ತಿದ್ದರು. ನಿಜಾಮರ ಕಾಲದಲ್ಲಿ ನಿಲಂಗಾದ ಕೋರ್ಟಿನಲ್ಲಿ ನ್ಯಾಯಾಧೀಶರ ಮುಂದೆ ಮಿಸಲುಗಳನ್ನು, ಅಂದರೆ ಮೊಕದ್ದಮೆಯ ಕಾಗದದ ಕಟ್ಟುಗಳನ್ನು, ಒಂದೊಂದಾಗಿ ಇಡುವ ಕೆಲಸ ಅವರದು. ಅಯ್ಯನವರ ಮನೆತನ. ಅಣ್ಣ ಭಕ್ತರ ಮನೆಗಳಲ್ಲಿ ಪೂಜೆ ಮಾಡಿಸಿಕೊಂಡು ಉಳಿದರೆ ಇವರು ಉರ್ದು ಕಲಿತು ಕಚೇರಿ ಸೇರಿದ್ದರು. ಪೊಲೀಸ್ ಕಾರ್ಯಾಚರಣೆ ಆಯಿತು, ಕಚೇರಿಯ ಭಾಷೆ ಬದಲಾಯಿತು, ಪೇಶಕಾರರಿಗೆ ವಯಸ್ಸಿಗಿಂತ ಮುಂಚೆ ಪಿಂಚಣಿ ಸಿಕ್ಕಿತು. ಅವರು ಮನೆಗೆ ಬಂದರು, ಕೋರ್ಟೂ ಅವರ ಹಿಂದೆಯೇ ಬಂತು. ಹಿತ್ತಲಿನ ಪೇರಲ ಗಿಡದ ಕೆಳಗೆ ಒಂದು ಕುರ್ಚಿ ಹಾಕಿಸಿ, ಗುಂಡಿ ಹೋದ ಕರಿ ಶೇರವಾನಿ ತೊಟ್ಟು ದಿನಾ ಹನ್ನೊಂದಕ್ಕೆ ಕೂರುತ್ತಿದ್ದರು. ಮನುಷ್ಯರ ಮೊಕದ್ದಮೆ ಕೈತಪ್ಪಿ ಹೋದ ಮೇಲೆ ಅವರು ಗಿಡಗಳ ಮೊಕದ್ದಮೆ ಹಿಡಿದರು.

ನಡೆಯುತ್ತಿದ್ದುದು ಹೀಗೆ. ಯಾರೋ ಬಂದು, ಮಧ್ಯಾಹ್ನ ನೀರು ಹಾಕಿದರೆ ಎಲೆಯ ಮೇಲೆ ನಿಂತ ಹನಿ ಬಿಸಿಲಿಗೆ ಕಾದು ಗಿಡ ಸುಟ್ಟುಹೋಗುತ್ತದೆ ಎಂದು ಮಾತಿಗೆ ಹೇಳುತ್ತಾರೆ. ಪೇಶಕಾರರು ಮೂಗಿಗೆ ನಶ್ಯ ಏರಿಸಿ, "ಗವಾಹಿ?" ಅನ್ನುತ್ತಾರೆ. ಸಾಕ್ಷಿ ಇಲ್ಲ. ಆಗ ಒಂದೇ ಸಾಲಿನ ಎರಡು ಬದನೆ ಗಿಡ ಆರಿಸುತ್ತಾರೆ. ಒಂದು ಫಿರ್ಯಾದಿ, ಒಂದು ಪ್ರತಿವಾದಿ. ಒಂದಕ್ಕೆ ನಡುಹಗಲು ಎಲೆ ತೊಯ್ಯುವಂತೆ ನೀರು, ಇನ್ನೊಂದಕ್ಕೆ ಬೆಳಗ್ಗೆ ಬುಡಕ್ಕೆ. ಕೆಲವು ವಾರಗಳ ಮೇಲೆ ಆ ಮಾತು ಹೇಳಿದವರನ್ನು ಕರೆದು ತೀರ್ಪು ಕೊಡುತ್ತಾರೆ: "ಯಾವ ಎಲಿನೂ ಸುಟ್ಟಿಲ್ಲ. ಸುಟ್ಟಿದ್ದು ನೀರು ಹೊತ್ತವನ ತಲಿ. ಮಧ್ಯಾಹ್ನ ಹಾಕಿದ ನೀರು ಅರ್ಧ ಆರಿ ಹೋಗ್ತದ, ಅದಕ್ಕ ಬೆಳಿಗ್ಗೆ ಹಾಕ್ರಿ. ಹನಿ ಮ್ಯಾಲಿನ ಆರೋಪ ಖಾರಿಜ್!"

ಖಾರಿಜ್, ವಜಾ. ಈ ಮಾತು ಅನ್ನುವಾಗ ಅವರ ಮುಖ ನೋಡಬೇಕಿತ್ತು. ಮಗುವಿಗೆ ಬೆಲ್ಲ ಸಿಕ್ಕಂತೆ.

ಪೇರಲ ಗಿಡಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಕಾಯಿ ಹೆಚ್ಚು ಬಿಡುತ್ತದೆ ಎಂಬುದು ಖಾರಿಜ್ ಆಯಿತು. ಮೊಳೆ ಹೊಡೆದ ಜಾಗದಿಂದ ಕೊಳೆ ಹತ್ತಿದ್ದನ್ನು ತೊಗಟೆ ಕೆತ್ತಿ ತೋರಿಸಿದರು. ಮುಟ್ಟಾದವರ ನೆರಳು ಬಿದ್ದರೆ ಎಲೆಬಳ್ಳಿ ಬಾಡುತ್ತದೆ ಎಂಬ ಮೊಕದ್ದಮೆ ಬಂದಾಗ ಅವರ ಹೆಂಡತಿ ಅಡಿಗೆಮನೆಯಿಂದಲೇ ಸಾಕ್ಷಿ ಹೇಳಿದರು. "ನಾ ಲಗ್ನ ಆಗಿ ಬಂದಾಗಿಂದ ಆ ಬಳ್ಳಿಗಿ ದಿನಾ ನಾನೇ ನೀರ ಹಾಕೇನಿ. ಯಾವ ದಿನಾನೂ ಬಿಟ್ಟಿಲ್ಲ. ನೀವು ದಿನಾ ಅದೇ ಎಲಿ ತಿಂದೀರಿ. ಮುಂದ ಕೇಳ್ತೀರೇನು?" ನ್ಯಾಯಾಲಯ ಮುಂದೆ ಕೇಳಲಿಲ್ಲ.

ಕದ್ದು ತಂದ ಕಡ್ಡಿ ಬೇಗ ಬೇರು ಬಿಡುತ್ತದೆ ಎಂಬುದನ್ನು ಪರೀಕ್ಷಿಸಲು ಹೋಗಿ ಮಾತ್ರ ಮರ್ಯಾದೆ ಹೋಯಿತು. ಒಂದು ಮಲ್ಲಿಗೆ ಕಡ್ಡಿಯನ್ನು ಕೇಳಿ ತಂದರು. ಇನ್ನೊಂದನ್ನು ಕದಿಯಲೇಬೇಕಲ್ಲ! ಶೇರವಾನಿ ತೊಟ್ಟ ಹಿರಿಯರು ಮರಾಠಿ ಮಾಸ್ತರರ ಬೇಲಿಗೆ ಸಿಕ್ಕಿಹಾಕಿಕೊಂಡಿದ್ದನ್ನು ಇಡೀ ಓಣಿ ನೋಡಿತು. ಮಾಸ್ತರರು, "ಕಾಯ್ ಹೋ ಪೇಶಕಾರ್, ಮಾಗಿತಲಂ ಅಸತಂ ತರ ದಿಲಂ ಅಸತಂ ಕೀ" ಎಂದು ನಕ್ಕರು, ಕೇಳಿದ್ದರೆ ಕೊಡುತ್ತಿದ್ದೆನಲ್ಲ ಎಂದು. "ಕೇಳಿದ್ರ ಮೊಕದ್ದಮೆ ಕೆಡ್ತಿತ್ತು" ಎಂದರು ಪೇಶಕಾರರು, ಬೇಲಿಯ ಮೇಲಿನಿಂದಲೇ. ಎರಡೂ ಕಡ್ಡಿ ಒಂದೇ ಹೊತ್ತಿಗೆ ಚಿಗುರಿದವು.

ಅವರ ಬಲಗೈ ತೋರುಬೆರಳಿನ ಉಗುರಲ್ಲಿ ಯಾವಾಗಲೂ ಮಣ್ಣು. ಯಾರ ಮನೆಗೆ ಹೋದರೂ ಚಹಾಕ್ಕೆ ಮುಂಚೆ ಕುಂಡದೊಳಗೆ ಬೆರಳು ತೂರಿಸುತ್ತಿದ್ದರು. ಎಲೆ ಜೋತುಬಿದ್ದ ಗಿಡ ಕಂಡ ತಕ್ಷಣ ಜನ ನೀರು ಸುರಿಯುತ್ತಾರೆ. ಅದು ಬಾಯಾರಿ ಜೋತಿದೆಯೋ, ನೀರು ಹೆಚ್ಚಾಗಿ ಬೇರು ಕೊಳೆತು ಜೋತಿದೆಯೋ ಎಂದು ಯಾರೂ ಕೇಳುವುದಿಲ್ಲ ಎಂಬುದು ಅವರ ದೊಡ್ಡ ದೂರು. "ಎಲಿ ಸುಳ್ಳ ಹೇಳ್ತದ ಬಿ.ಎ. ಸಾಹೇಬ್ರ. ಮಣ್ಣಿಗಿ ಕೇಳ್ರಿ" ಎನ್ನುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ.

ಎಲ್ಲ ಗಿಡಗಳ ಹತ್ತಿರವೂ ಉರ್ದುವಿನಲ್ಲೇ ಮಾತು. ಒಮ್ಮೆ ನಾನು, "ಗಿಡಕ್ಕ ಉರ್ದು ತಿಳೀತದೇನ್ರೀ?" ಎಂದು ಕೆಣಕಿದೆ.

"ತಿಳೀದಿಲ್ಲ" ಎಂದರು. "ಆದ್ರ ನಡುವ ಎದ್ದು ಹೋಗೂದಿಲ್ಲ."

ನಾನಾಗ ಹೈದರಾಬಾದಿನಿಂದ ಓದು ಮುಗಿಸಿ ಬಂದು, ಅವರ ಮನೆಯಿಂದ ಎರಡು ಮನೆ ಆಚೆ, ನಮ್ಮ ದೊಡ್ಡವ್ವನ ಮನೆಯಲ್ಲಿದ್ದೆ. ದೊಡ್ಡಪ್ಪ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಮನೆಯ ವ್ಯವಹಾರವೆಲ್ಲ ದೊಡ್ಡಪ್ಪನ ತಮ್ಮನದು; ನನಗೆ ಅವನು ಕಾಕಾ. ಅಂಗಳದಲ್ಲಿ ದೊಡ್ಡಪ್ಪ ನೆಟ್ಟ ಮಾವಿನ ಗಿಡವಿತ್ತು. ನಾವು ಅದನ್ನು ಗಿಡ ಅನ್ನುತ್ತಿದ್ದೆವು, ಆದರೆ ಮಾಳಿಗೆಗಿಂತ ಎತ್ತರ. ಹಸುರೋ ಹಸುರು. ಒಂದು ವರ್ಷವೂ ಹೂ ಬಿಟ್ಟಿರಲಿಲ್ಲ. ಓಣಿಯ ಹೆಂಗಸರು ಅದನ್ನು ಬಂಜಿ ಗಿಡ ಅನ್ನುತ್ತಿದ್ದರು. ದೊಡ್ಡವ್ವ ಹೊರಗೆ ಬಂದರೆ ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವುದು ಅವಳಿಗೆ ಮಾತಿಗಿಂತ ಜೋರಾಗಿ ಕೇಳುತ್ತಿತ್ತು.

ಕಾಕಾನಿಗೆ ಆ ಜಾಗದಲ್ಲಿ ಹಿಟ್ಟಿನ ಗಿರಣಿ ಹಾಕುವ ಆಸೆ. ಕಾಸಾರಶಿರಸಿಯಲ್ಲಿ ಯಾರೋ ಎಂಜಿನ್ ಗಿರಣಿ ಹಾಕಿ ಓಣಿಗೆಲ್ಲ ಧೂಳೆಬ್ಬಿಸಿದ್ದನ್ನು ನೋಡಿ ಬಂದಂದಿನಿಂದ ಅವನು ಗಿಡದ ಸುತ್ತ ಹೆಜ್ಜೆ ಹಾಕಿ ಅಳೆಯುತ್ತಿದ್ದ.

"ವೈನಿ, ಹಣ್ಣಿಲ್ಲ, ಹಂಪಲಿಲ್ಲ. ಕಸ ಗುಡಿಸಿ ಗುಡಿಸಿ ನಿಮ್ಮ ನಡಾನೂ ಹೋಯ್ತು."

"ನಡ ನಂದು ಹೋಗ್ಯದಲ್ಲ? ನಿಂದೇನು ಹೋಗ್ಯದ?" ಎನ್ನುತ್ತಿದ್ದಳು ದೊಡ್ಡವ್ವ. ಒಳಗೆ ಬಂದ ಮೇಲೆ ನನ್ನೆದುರು ಮೆತ್ತಗೆ, "ಅವರು ನೆಟ್ಟಿದ್ದು ಇದೊಂದೇ ಉಳಿದದ ಅಪ್ಪಾ" ಅನ್ನುತ್ತಿದ್ದಳು.

ಕಾಯಿ ಬಿಡಲೆಂದು ದೊಡ್ಡವ್ವ ಗಿಡಕ್ಕೆ ಮಾಡಬಾರದ್ದೆಲ್ಲ ಮಾಡಿದ್ದಳು. ಕಾಂಡದಲ್ಲಿ ಮೊಳೆ, ಕೊಂಬೆಯಲ್ಲಿ ಹರಕು ಚಪ್ಪಲಿ, ಬುಡದ ಸುತ್ತ ಮೊಣಕಾಲೆತ್ತರ ಮಣ್ಣು ಏರಿಸಿ ಕಟ್ಟೆ, ಹುಣ್ಣಿಮೆಗೊಮ್ಮೆ ಗೊಬ್ಬರ. ಬಚ್ಚಲಿನ ನೀರೆಲ್ಲ ಕಾಲುವೆ ಮಾಡಿ ಅದಕ್ಕೇ ಬಿಟ್ಟಿದ್ದಳು. ಕೊನೆಗೊಂದು ದಿನ ಪೇಶಕಾರರನ್ನು ಕರೆಸಿದಳು. ಅವರು ಕಡುಬಿಸಿಲಲ್ಲಿ ಬುಡಕ್ಕೆ ಬೆರಳು ತೂರಿಸಿದರು. ಬೆರಳು ಕೆಸರಾಗಿ ಬಂತು.

"ಅಕ್ಕಾವ್ರ, ಈ ಗಿಡ ದಿನಾ ಹಬ್ಬದ ಊಟ ಮಾಡ್ಲಿಕತ್ತದ. ಉಂಡವ ಮಲಗ್ತಾನ. ಇದು ಎಲಿ ಹೊದ್ದು ಮಲಗ್ಯದ."

"ಮತ್ತ ಏನ ಮಾಡಲ್ರೀ?"

"ಮಳಿಗಾಲ ಮುಗೀತು ಅಂದ್ರ ಬಚ್ಚಲ ನೀರು ಆ ಕಡಿ ತಿರುಗಿಸ್ರಿ. ಹೂ ಬಂದು ಕಾಯಿ ಕಟ್ಟೂತನ ಹನಿ ಬ್ಯಾಡ. ಗೊಬ್ಬರ ಬಂದ್. ಈ ಕಟ್ಟಿ ಒಡದು ಕಾಂಡದ ಬುಡ ಗಾಳಿಗಿ ಬಿಡ್ರಿ, ತೊಗಟಿ ಕೊಳೀಲಿಕತ್ತದ. ಮತ್ತ ಆ ಚಪ್ಪಲಿ ಇಳಸ್ರಿ. ಅದು ನನ್ನ ಹಳೇ ಚಪ್ಪಲಿ ಹಂಗ ಕಾಣ್ತದ."

"ನೀರು ಬಂದ್ ಮಾಡಿದ್ರ ಸಾಯ್ತದಲ್ರೀ?"

"ಅದರ ಬೇರು ನಿಮ್ಮ ಬಚ್ಚಲ ದಾಟಿ ಎಂದೋ ಓಣಿಗಿ ಹೋಗ್ಯಾವ."

ದೊಡ್ಡವ್ವ ಒಪ್ಪಿದಳು. ಆದರೆ ಒಂದೇ ದೇವರಿಗೆ ಹರಕೆ ಹೊತ್ತು ಕೂರುವ ಹೆಂಗಸಲ್ಲ ಅವಳು. ನಮ್ಮ ಕಡೆ ಕಾಯಿ ಬಿಡದ ಗಿಡವನ್ನು ಎಳ್ಳಮವಾಸೆಯ ದಿನ ಹೆದರಿಸುವ ರೂಢಿ ಇದೆ. ಮನೆಯ ಗಂಡಸು ಕೊಡಲಿ ಎತ್ತಿ, "ಕಾಯಿ ಬಿಡ್ತೀಯೋ, ಕಡೀಲೋ?" ಎಂದು ಕೇಳುತ್ತಾನೆ. ಇನ್ನೊಬ್ಬರು ಗಿಡದ ಪರವಾಗಿ, "ಬ್ಯಾಡಪ್ಪಾ, ಮುಂದಿನ ವರ್ಷ ಬಿಡ್ತದ, ನಾ ಹೇಳ್ತೀನಿ" ಎಂದು ಬೇಡಿಕೊಳ್ಳುತ್ತಾರೆ. ಕೊಡಲಿ ಇಳಿಯುತ್ತದೆ. ಎಲ್ಲರೂ ಗಾಡಿ ಹತ್ತಿ ಹೊಲಕ್ಕೆ ಹೋಗಿ ಭಜ್ಜಿ, ಅಂಬಲಿ ಹೊಡೆಯುತ್ತಾರೆ. ನೀರು ತಿರುಗಿಸಿದ್ದರ ಜೊತೆಗೆ ಇದೂ ಇರಲಿ ಎಂದಳು ದೊಡ್ಡವ್ವ. ಗಿಡದ ಪರವಾಗಿ ಬೇಡಿಕೊಳ್ಳಲು ಅವಳು ಕರೆದಿದ್ದು, ಅಯ್ಯನವರ ಮನೆಯ ಹಿರಿಯರೆಂದು, ಪೇಶಕಾರರನ್ನೇ!

"ನಿಮ್ಮ ನಂಬಿಕೆ ಮೊಕದ್ದಮೆಗಿ ನನ್ನೇ ವಕೀಲ ಮಾಡ್ತೀರೇನು?" ಎಂದು ಗೊಣಗಿದರೂ ಬರುವುದಕ್ಕೆ ಒಪ್ಪಿದರು.

ಅಮವಾಸೆಯ ಹಿಂದಿನ ದಿನ ಒಂದು ಸುದ್ದಿ ಬಂತು. ಕಾಕಾ ಬಡಿಗನಿಗೆ ಮರುದಿನ ಮಧ್ಯಾಹ್ನ ಗರಗಸ ತರಲು ಹೇಳಿದ್ದ. ಕೊಡಲಿ ಎತ್ತಿದ ಮೇಲೆ ಈ ಸಲ ಇಳಿಸುವುದಿಲ್ಲ ಎಂದು ಪೇಟೆಯಲ್ಲಿ ಆಡಿದ್ದನಂತೆ. ದೊಡ್ಡವ್ವ ಅವನನ್ನು ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಡುತ್ತಾನೆಂಬ ಹೆದರಿಕೆ. ನಾನು ಹೋಗಿ ಪೇಶಕಾರರಿಗೆ ಹೇಳಿದೆ. ಅವರು ಒಂದರ ಹಿಂದೊಂದು ಚಿಟಿಕೆ ನಶ್ಯ ಏರಿಸಿದರು.

ಮರುದಿನ ಬೆಳಗ್ಗೆ ಅವರು ಎಲ್ಲರಿಗಿಂತ ಮುಂಚೆ ಬಂದರು. ಪಡಸಾಲೆಯಲ್ಲಿ ಕೊಡಲಿ ಗೋಡೆಗೆ ಒರಗಿತ್ತು. "ಹಥಿಯಾರು ಮೊದಲ ಕೋರ್ಟಿನ ಮುಂದ ಹಾಜರಾಗಬೇಕು" ಎಂದು ಅದನ್ನು ತೊಡೆಯ ಮೇಲಿಟ್ಟುಕೊಂಡು, ಅತ್ತ ಇತ್ತ ತಿರುಗಿಸಿ, ಅಲಗಿನ ಮೇಲೆ ಬೆರಳಾಡಿಸಿ, ಇದ್ದಲ್ಲೇ ಇಟ್ಟರು. ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಎಂದಿನ ಆಟ ಎಂದು ನಕ್ಕೆ. ಈಗ ಆ ಚಹಾದ ರುಚಿಯೂ ನೆನಪಿದೆ.

ಅಂಗಳದಲ್ಲಿ ಓಣಿಯ ಜನ ಸೇರಿದರು. ಕಾಕಾ ಧೋತರ ಕಚ್ಚೆ ಬಿಗಿದು ಗಿಡದ ಮುಂದೆ ನಿಂತ. ನಾನು ಅವನ ಹಿಂದೆ, ಬಚ್ಚಲಿನ ಬಾಗಿಲಲ್ಲಿ, ತಾಮ್ರದ ಹಂಡೆಯ ಪಕ್ಕ ನಿಂತಿದ್ದೆ. ಬೇರೆ ಎಲ್ಲಿಯಾದರೂ ನಿಲ್ಲಬಹುದಿತ್ತು. ಎಷ್ಟು ದೊಡ್ಡ ಅಂಗಳ!

ಕಾಕಾ ಕೊಡಲಿ ಎತ್ತಿದ. "ಏ ಗಿಡಾ! ಕಾಯಿ ಬಿಡ್ತೀಯೋ, ಕಡೀಲೋ?"

ಎಲ್ಲರೂ ಪೇಶಕಾರರ ಕಡೆ ನೋಡಿದರು. ಪೇಶಕಾರರು ಗಂಟಲು ಸರಿಮಾಡಿಕೊಂಡರು.

"ಕಡೀಬ್ಯಾಡ" ಎಂದರು.

"ಯಾಕ? ಮುಂದಿನ ವರ್ಷ ಬಿಡ್ತದೇನು?"

"ಅದು ನಂಗ ಹ್ಯಾಂಗ ಗೊತ್ತು?"

ದೊಡ್ಡವ್ವ ಹಲ್ಲು ಕಚ್ಚಿ, "ಬಿಡ್ತದ ಅನ್ರೀ, ನಾ ಹೇಳ್ತೀನಿ ಅನ್ರೀ!" ಎಂದಳು.

"ಹ್ಯಾಂಗ ಅನ್ನಲಿ ಅಕ್ಕಾವ್ರ? ಮುಂದಿನ ವರ್ಷದ ಗವಾಹಿ ನನ್ನ ಹತ್ರ ಇಲ್ಲ. ನೀರು ತಿರುಗಿಸೀರಿ, ಬಿಡಬಹುದು. ಬಹುದು ಅಂತ ಬೇಕಾದ್ರ ಅಂತೀನಿ."

"ಬಹುದು ನಡೀದಿಲ್ಲ!" ಎಂದ ಕಾಕಾ. ಎತ್ತಿದ ಕೈ ಎತ್ತಿಯೇ ಇತ್ತು. ರೂಢಿಯ ಪ್ರಕಾರ ಅಷ್ಟೊತ್ತಿಗೆ ಇಳಿಸಿರಬೇಕಿತ್ತು. ತೋಳು ನಡುಗುತ್ತಿತ್ತು. "ಪೇಶಕಾರ್ರ, ಜಲ್ದಿ ಅನ್ರೀ, ನಂದು ರಟ್ಟಿ ನೋಯ್ಲಿಕತ್ತದ!"

"ಕೋರ್ಟಿನ್ಯಾಗ ಜಲ್ದಿ ಅನ್ನೂದಿಲ್ಲ."

"ಬಸ್, ಝಾಲಂ!" ಎಂದು ಮರಾಠಿಯಲ್ಲಿ ಕೂಗಿದ ಕಾಕಾ, ಸಾಕು ಆಯ್ತು ಎಂದು, ಕೊಡಲಿಯನ್ನು ಇನ್ನೂ ಹಿಂದಕ್ಕೆ ಬೀಸಿದ.

ಮುಂದಿನದು ನನಗೆ ದಿನಾ ಒಮ್ಮೆಯಾದರೂ ಕಾಣುತ್ತದೆ, ಬಹಳ ನಿಧಾನವಾಗಿ. ಕಾಕಾನ ಬೆನ್ನ ಹಿಂದಿನಿಂದ ಏನೋ ಕರಿಯದು ಬಿಡಿಸಿಕೊಂಡು ನನ್ನ ಕಡೆ ಹೊರಟಿತು. ಅದು ಕೊಡಲಿಯ ತಲೆ ಎಂದು ನನಗೆ ಗೊತ್ತಿತ್ತು. ಸರಿಯಬೇಕು ಎಂಬುದೂ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಬಲಗಿವಿಯ ಪಕ್ಕ ಗಾಳಿ ಸೀಳಿತು. ಹಿಂದೆ ಹಂಡೆ ಗುಡಿಯ ಗಂಟೆಯಂತೆ ಠಣ್ ಎಂದಿತು. ಅದೇ ಹೊತ್ತಿಗೆ ಕಾಕಾ ಕೈಯಲ್ಲುಳಿದ ಬರೀ ಮರದ ಕಾವಿನಿಂದ ಗಿಡಕ್ಕೆ, ಮಾಸ್ತರರು ಹುಡುಗರಿಗೆ ಹೊಡೆದಂತೆ, ಒಂದು ಏಟು ಹೊಡೆದಿದ್ದ. ಹಂಡೆಯಲ್ಲಿ ಬಿದ್ದ ತೂತಿನಿಂದ ಬಿಸಿನೀರು ನನ್ನ ಪಾದದ ಮೇಲೆ ಸುರಿಯುತ್ತಿತ್ತು. ನಾನು ಅದನ್ನು ರಕ್ತ ಎಂದುಕೊಂಡು ಅಲ್ಲೇ ಕೂತುಬಿಟ್ಟೆ.

ಮೊದಲು ಓಡಿ ಬಂದವರು ಪೇಶಕಾರರು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಬಲ್ಲರೆಂದು ಯಾರಿಗೂ ಗೊತ್ತಿರಲಿಲ್ಲ. ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು ಅತ್ತ ಇತ್ತ ತಿರುಗಿಸಿ, ಕಿವಿ ಮುಟ್ಟಿ ಮುಟ್ಟಿ ನೋಡಿದರು.

ಕಾಕಾ ಕಾವನ್ನು ಕೆಳಗೆ ಹಾಕಿ ಗಿಡದ ಬುಡಕ್ಕೆ ಉದ್ದಕ್ಕೆ ಬಿದ್ದ. "ತಪ್ಪಾಯ್ತು ನಮ್ಮವ್ವಾ!" ಹೆಂಗಸರು ಒಡೆಯಲು ತೆಂಗಿನಕಾಯಿ ತಂದರು. ಮಧ್ಯಾಹ್ನ ಗರಗಸ ಹೊತ್ತು ಬಂದ ಬಡಿಗ, ಸುದ್ದಿ ಕೇಳಿ ಬಾಗಿಲಿನಿಂದಲೇ ತಿರುಗಿದ. ಮುಂದಿನ ತಿಂಗಳು ಗಿಡ ಹೂ ಬಿಟ್ಟಿತು. ಬೇಸಿಗೆಗೆ ಕೊಂಬೆ ಬಾಗುವಷ್ಟು ಕಾಯಿ. ದೊಡ್ಡವ್ವ ಮೊದಲ ಹಣ್ಣುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಣಿಯ ಒಂದು ಮನೆಯನ್ನೂ ಬಿಡದೆ ಹಂಚಿದಳು. ಯಾರೂ ಸುಮ್ಮನಾಗಲಿಲ್ಲ, ಎಲ್ಲರೂ ಒಟ್ಟಿಗೆ ಮಾತಾಡಿದರು. ಕೊಡಲಿ ಕಿತ್ತೆಸೆದ ಗಿಡ ಎಂದು ಉಮರಗಾದ ತನಕ ಹೆಸರಾಯಿತು. ಗುಂಜೋಟಿಯಿಂದಲೂ ಜನ ಬಂದು ದಾರ ಕಟ್ಟಿದರು.

ಊರಿಗೆ ಗಿಡಕ್ಕಿಂತ ಹೆಚ್ಚಿನ ಖುಷಿ ಪೇಶಕಾರರು ಸೋತದ್ದು. "ಈಗೇನಂತೀರಿ ಪೇಶಕಾರ್ರ? ಇದೂ ಖಾರಿಜ್ ಏನು?" ಎಂದು ಬೇಕೆಂದೇ ಕೇಳುತ್ತಿದ್ದರು. ನೀರು ತಿರುಗಿಸಿದ್ದರಿಂದ ಹೂ ಬಂತು ಎಂದು ಅವರು ಸಾರಿ ಸಾರಿ ಹೇಳಬಹುದಿತ್ತು. ನಾನೂ ಕಾಯುತ್ತಿದ್ದೆ. ಅವರು ಆಕಾಶ ನೋಡಿ, "ಆ ಮಿಸಲು ಕಳದದ" ಎನ್ನುತ್ತಿದ್ದರು. ಅಷ್ಟೇ.

ನನ್ನ ಮೇಲೆ ಮಾತ್ರ ವಿಪರೀತ ಪ್ರೀತಿ ಬಂತು. ಪೇರಲ ಹಣ್ಣಾದರೆ ಮೊದಲ ಬುಟ್ಟಿ ನನಗೆ. ಎದುರು ಸಿಕ್ಕರೆ, "ಕಿವಿ ಹ್ಯಾಂಗದ?" ಎಂದೇ ಮೊದಲ ಮಾತು. ಅವರ ಕುರ್ಚಿಯ ಪಕ್ಕ ಕೂತರೆ ಮೇಲಿನ ಕೊಂಬೆ ನೋಡಿ, ನನ್ನನ್ನು ಸರಿಸಿ ಕೂರಿಸುತ್ತಿದ್ದರು.

ಹೀಗೇ ಎರಡು ಮೂರು ಸುಗ್ಗಿ ಕಳೆಯಿತು. ರಾಜ್ಯಗಳ ಗಡಿ ಬದಲಾಗಿ ನಾವು ಹೈದರಾಬಾದ್ ರಾಜ್ಯದಿಂದ ಮುಂಬಯಿ ರಾಜ್ಯಕ್ಕೆ ಹೋಗಿದ್ದೆವು, ಕೂತಲ್ಲೇ. ಪೇಶಕಾರರಿಗೆ ಉಬ್ಬಸ ಹೆಚ್ಚಾಗಿತ್ತು. ಒಂದು ದಿನ ನನ್ನನ್ನು ಕರೆಸಿ, ತಾವು ಕೆಳಗೆ ಚಾಪೆಯ ಮೇಲೆ ಕೂತು ನನಗೆ ಕುರ್ಚಿ ತೋರಿಸಿದರು.

"ಕುಂದರ್ರಿ. ಇವತ್ತು ಆರೋಪಿ ನಾನು. ಕಬೂಲಿ ಕೊಡೂದದ."

ನಾನು ನಕ್ಕೆ. ಅವರು ನಗಲಿಲ್ಲ.

"ಅವತ್ತ ಕೊಡಲಿದು ಬೆಣಿ ತೆಗದಾಂವ ನಾನೇ."

ಕಾವು ಅಲುಗದಂತೆ ಕೊಡಲಿಯ ಕಣ್ಣಿಗೆ ಹೊಡೆಯುವ ಕಟ್ಟಿಗೆಯ ಚೂರು, ಬೆಣೆ. ತೊಡೆಯ ಮೇಲಿಟ್ಟು ತಿರುಗಿಸಿ ನೋಡಿದರಲ್ಲ, ಆಗ. ನಾನು ಚಹಾ ಕುಡಿಯುತ್ತಿದ್ದಾಗ.

"ಎತ್ತಿದ ಕೂಡಲೇ ಜಾರಿ ಅವನ ಬೆನ್ನ ಹಿಂದ ಬೀಳ್ತದ, ಎಲ್ಲರೂ ನಗ್ತಾರ, ನಗಿ ಆದ ಮ್ಯಾಲ ಕಡ್ಯಾಕ ಯಾರಿಗೂ ಮನಸ ಆಗೂದಿಲ್ಲ ಅಂತ ನನ್ನ ಹಿಸಾಬು. ನಿಮ್ಮ ಕಾಕಾಗ ಅಷ್ಟ ಬಲ ಅದ ಅಂತ ಯಾರಿಗಿ ಗೊತ್ತು? ನೀವ ಅಲ್ಲಿ ನಿಂತೀರಿ ಅಂತ ನಾ ನೋಡಲಿಲ್ಲ."

ನನ್ನ ಕೈ ಕಿವಿಗೆ ಹೋಯಿತು. "ಮುಂದಿನ ವರ್ಷ ಬಿಡ್ತದ ಅಂತ ಒಂದ ಮಾತು ಅಂದಿದ್ರ ಮುಗೀತಿತ್ತಲ್ರೀ!"

"ಅಂದ್ರೂ ಅಂವಾ ಇಳಸ್ತಿದ್ದಿಲ್ಲ, ಗರಗಸಕ್ಕ ಹೇಳಿದ್ದ. ಮತ್ತ..." ಉಬ್ಬಸ ಇಳಿಯುವ ತನಕ ತಡೆದರು. "ಸುಳ್ಳ ಸಾಕ್ಷಿ ಹೇಳ್ಲಿಕ್ಕ ಬಾಯಿ ಬರ್ಲಿಲ್ಲ. ಬೆಣಿ ತೆಗೀಲಿಕ್ಕ ಕೈ ಬಂತು. ಶಿಕ್ಷಾ ಏನು ಹೇಳ್ರಿ."

ನನಗೆ ಸಿಟ್ಟು ಬಂದಿತ್ತು, ನಿಜವಾದ ಸಿಟ್ಟು. "ಓಣಿಯವರಿಗೆಲ್ಲ ನಿಜ ಹೇಳ್ರಿ" ಎಂದೆ.

"ಹೇಳ್ತೀನಿ. ಆದ್ರ ನಾಳಿಗಿ ಗಿರಣಿ ಬರ್ತದ. ಗಿಡ ಕೊಡಲಿ ಒಗೀತು ಅಂತ ನಂಬ್ಯಾನ, ಅದಕ್ಕ ಅಂವಾ ಮುಟ್ಟೂದಿಲ್ಲ."

ಹೊರಗೆ ಓಣಿಯಲ್ಲಿ ದೊಡ್ಡವ್ವ ಯಾರಿಗೋ ಹಣ್ಣು ಕೊಡುತ್ತಾ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದಳು. ಕೇಳುತ್ತಾ ಕೇಳುತ್ತಾ ನನ್ನ ಸಿಟ್ಟಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದಾಯಿತು. ಊರಿನ ನಂಬಿಕೆಗಳನ್ನೆಲ್ಲ ಖಾರಿಜ್ ಮಾಡಿದ ಮನುಷ್ಯ ಊರಿನ ಎಲ್ಲಕ್ಕಿಂತ ದೊಡ್ಡ ನಂಬಿಕೆಯನ್ನು ಸ್ವಂತ ಕೈಯಾರೆ ನೆಟ್ಟು, ಅದನ್ನು ಕೀಳಲಾಗದೆ, ದಿನಾ ಅದರ ನೆರಳಲ್ಲೇ ಓಡಾಡುತ್ತಿದ್ದರು. ಇದಕ್ಕಿಂತ ದೊಡ್ಡ ಶಿಕ್ಷೆ ನನಗೆ ಹೊಳೆಯಲಿಲ್ಲ. ಆದರೂ ಕುರ್ಚಿಯ ಮೇಲೆ ಕೂತಿದ್ದೆನಲ್ಲ, ಒಂದು ಸೇರಿಸಿದೆ: ಬರುವ ಎಳ್ಳಮವಾಸೆಗೆ ಅವರು ಎಲ್ಲರೆದುರು ನಿಂತು, ಅಂದು ನುಂಗಿದ ಆ ಮಾತನ್ನು ಪೂರ್ತಿ ಹೇಳಬೇಕು.

ದೊಡ್ಡವ್ವ ಆ ರೂಢಿ ಬಿಟ್ಟಿರಲಿಲ್ಲ; ಕೊಡಲಿಯ ಬದಲು ಕಾಕಾನ ಕೈಗೆ ಲಟ್ಟಣಿಗೆ ಕೊಡುತ್ತಿದ್ದಳು. ಆ ವರ್ಷ ಪೇಶಕಾರರು ಶೇರವಾನಿ ತೊಟ್ಟು, ಹೆಂಡತಿಯ ಹೆಗಲು ಹಿಡಿದು ಬಂದರು. "ಬ್ಯಾಡಪ್ಪಾ. ಮುಂದಿನ ವರ್ಷ ಬಿಡ್ತದ, ನಾ ಹೇಳ್ತೀನಿ" ಎಂದು ತುಂಬು ದನಿಯಲ್ಲಿ ಅಂದರು. ಜನ ಚಪ್ಪಾಳೆ ತಟ್ಟಿದರು. ಅವರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಶಿಕ್ಷಾ ಆಗಲಿಲ್ಲ ಬಿ.ಎ. ಸಾಹೇಬ್ರ. ಈಗ ಗವಾಹಿ ಅದ. ಮೂರು ಸುಗ್ಗಿ ಬಿಟ್ಟದ" ಎಂದು ಕಣ್ಣು ಮಿಟುಕಿಸಿದರು.

ಅವರ ಹೆಂಡತಿ ಈಗ ಎಲೆಬಳ್ಳಿಗೆ ನೀರು ಹಾಕುತ್ತಾ ಉರ್ದುವಿನಲ್ಲಿ ಒಂದೆರಡು ಮಾತಾಡುತ್ತಾರೆ. ನಾನು ಕೇಳಿಸಿಕೊಂಡಿದ್ದೇನೆ.

ಕಾಕಾ ಉದಗೀರದಲ್ಲಿ ಗಿರಣಿ ಹಾಕಿದ್ದಾನೆ, ಹಬ್ಬಕ್ಕೆ ಬರುತ್ತಾನೆ. ನಿಜ ತಿಳಿದರೆ ಇಂದಿಗೂ ಅವನು ಆ ಜಾಗ ಅಳೆಯದೆ ಬಿಡುವವನಲ್ಲ. ಆದರೆ ಮನೆಯಲ್ಲಿ ಕನ್ನಡವನ್ನೇ ಆಡುವ ನನ್ನ ಕಾಕಾ ಓದಿದ್ದು ಉರ್ದು, ಲೆಕ್ಕ ಬರೆಯುವುದು ಮರಾಠಿ. ಕನ್ನಡದ ಒಂದು ಅಕ್ಷರವೂ ಅವನಿಗೆ ಬಾರದು. ಓಣಿಯಲ್ಲಿ ಯಾರಿಗೂ ಬಾರದು. ಆ ಧೈರ್ಯದ ಮೇಲೆಯೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.

ಹೋದ ಎಳ್ಳಮವಾಸೆಗೆ ಗಿಡದ ಪರವಾಗಿ ಬೇಡಿಕೊಳ್ಳಲು ದೊಡ್ಡವ್ವ ನನ್ನನ್ನು ನಿಲ್ಲಿಸಿದಳು. ಕಾಕಾ ಲಟ್ಟಣಿಗೆ ಎತ್ತಿದ. ನಾನು ಹೇಳಬೇಕಾದ್ದನ್ನು ಹೇಳಿ, ಸೊಂಟದವರೆಗೆ ಬಗ್ಗಿ ನಿಂತೆ. ಅವನು ಅದನ್ನು ಕೆಳಗಿಡುವ ತನಕ ಏಳಲಿಲ್ಲ.

"ನೋಡ್ರಿ, ಅಷ್ಟ ಓದಿದ್ರೂ ಎಷ್ಟ ಭಕ್ತಿ ಅದ" ಎಂದಳು ದೊಡ್ಡವ್ವ ಹೆಂಗಸರಿಗೆ. ನಾನು ಕಿವಿ ಮುಟ್ಟಿಕೊಂಡೆ. ಅವರೆಲ್ಲರೂ ಭಕ್ತಿಯಿಂದ ಕಿವಿ ಮುಟ್ಟಿಕೊಂಡರು.